ವೈಯಾಲಿಕಾವಲ್ ರಾಜ, ಬಸವನಗುಡಿ ರಾಣಿ

ಸ್ಫೂರ್ತಿ ಅನ್ನೋ ಮಾತು ಕೇಳಿದರೇ ಯಶಶ್ರೀಗೆ ಈಗೀಗ ಸೊಂಟ ನೋಯುತ್ತಿತ್ತು.

ತಮಾಷೆಗೆ ಹೇಳುತ್ತಿಲ್ಲ. ಬಸವನಗುಡಿಯ ತನ್ನ ಮನೆಯ ಕಾರ್ ಶೆಡ್ಡಿನಲ್ಲಿ ಹಳೇ ಸಾಮಾನಿನ ಅಂಗಡಿ ಶುರು ಮಾಡಿದಾಗ ಫೋನಿನಲ್ಲಿ ‘ದಿನಕ್ಕೊಂದು ಸ್ಫೂರ್ತಿ’ ಅಂತ ಒಂದು ಪೇಜನ್ನೂ ತೆರೆದಿದ್ದಳು ಪುಣ್ಯಾತ್ಗಿತ್ತಿ. ಒಂದು ಹಳೇ ವಸ್ತು, ಅದರ ಫೋಟೊ, ಕೆಳಗೆ ನಾಲ್ಕು ಸಾಲು. ಇವತ್ತು ಹಿತ್ತಾಳೆ ಅಡಕತ್ತರಿ, ನಾಳೆ ಪಿಂಗಾಣಿ ಉಪ್ಪಿನಕಾಯಿ ಜಾಡಿ, ನಾಡಿದ್ದು ಯಾರದೋ ಅಜ್ಜನ ಗ್ರಾಮಫೋನು. ಮೊದಮೊದಲು ಹುರುಪೋ ಹುರುಪು. ಆಮೇಲೆ ಅದು ಹಾಲಿನ ಪ್ಯಾಕೆಟ್ಟಿನ ಹಾಗಾಯಿತು, ಬೆಳಗಾದರೆ ಬಾಗಿಲಲ್ಲಿ ಬಿದ್ದಿರಲೇಬೇಕು. ಅದಕ್ಕಾಗಿ ಊರೂರು ಅಲೆಯಬೇಕು. ಕಾರೈಕುಡಿಗೆ ಹೋದಳು, ಕೊಚ್ಚಿಗೆ ಹೋದಳು, ಜೋಧಪುರಕ್ಕೂ ಹೋಗಿ ಬಂದಳು. ಹೋದಲ್ಲೆಲ್ಲ ಗೋದಾಮಿನ ಧೂಳು ಕುಡಿದು, ಭಾಷೆ ಬಾರದವರ ಹತ್ತಿರ ಕೈಸನ್ನೆಯಲ್ಲಿ ಚೌಕಾಸಿ ಮಾಡಿ, ರೈಲಿನಲ್ಲಿ ಪೆಟ್ಟಿಗೆಯ ಮೇಲೆ ಕಾಲು ಚಾಚಿಕೊಂಡು ಬರೋಳು. ‘ನಿಮ್ಮ ಬದುಕೇ ಒಂದು ಯಾತ್ರೆ ಮೇಡಂ’ ಅಂತ ಪೇಜಿನಲ್ಲಿ ಜನ ಬರೆಯೋರು. ಅಯ್ಯೋ, ಆ ಯಾತ್ರೆಯಲ್ಲಿ ಮಂಡಿಗೆ ಹಚ್ಚಿದ ಮುಲಾಮಿನ ವಾಸನೆ ಅವರಿಗೇನು ಗೊತ್ತು?

ಆ ಸಲ ನವರಾತ್ರಿಗೆ ಇನ್ನೊಂದೇ ವಾರ ಇದೆ ಅನ್ನುವಾಗ ಲೋಹಿತ್ ಫೋನ್ ಮಾಡಿದ. ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆ ಹಿಡಿದು, ಸುಣ್ಣ ಬಣ್ಣ ಮಾಡಿಸಿ, ಹೋಟೆಲ್ ಮಾಡಿದವನು. ಯಶಶ್ರೀಯ ಅಂಗಡಿಯ ಅರ್ಧ ಸಾಮಾನು ಅವನ ಕೋಣೆಗಳಲ್ಲೇ ಇತ್ತು.

“ಮೇಡಂ, ಹಬ್ಬದ ಮೊದಲ್ನೇ ದಿನ ಓಪನಿಂಗು. ಬಾಗಿಲು ದಾಟ್ತಿದ್ದಂಗೇ ಕಣ್ಣಿಗೆ ಬೀಳೋ ಹಂಗೆ ಪಟ್ಟದ ಗೊಂಬೆ ಬೇಕು. ಹಳೇದೇ ಆಗ್ಬೇಕು, ಜೋಡೀನೇ ಆಗ್ಬೇಕು. ನೀವು ಮನಸ್ಸು ಮಾಡಿದ್ರೆ ಸಿಕ್ಕೇ ಸಿಗುತ್ತೆ.”

ಸಿಗುತ್ತೆ ಅನ್ನೋದು ಸುಲಭ. ಪಟ್ಟದ ಗೊಂಬೆ ಅಂದರೆ ದಸರಾದಲ್ಲಿ ಎಲ್ಲಾ ಗೊಂಬೆಗಳಿಗಿಂತ ಮೇಲಿನ ಮೆಟ್ಟಿಲಲ್ಲಿ ಕೂರುವ ಮರದ ರಾಜ ರಾಣಿ. ಮದುವೆಯಲ್ಲಿ ತವರಿನವರು ಮಗಳ ಕೈಗಿಟ್ಟು ಕಳಿಸುತ್ತಾರೆ. ಅದನ್ನು ಯಾರು ಮಾರುತ್ತಾರೆ? ಹೊಸದು ಎಲ್ಲಾ ಅಂಗಡಿಯಲ್ಲೂ ಇತ್ತು, ಹೊಳೆಹೊಳೆಯುತ್ತಾ, ಎಲ್ಲದಕ್ಕೂ ಒಂದೇ ಮುಖ. ಹಳೇದಕ್ಕೆ ಅವೆನ್ಯೂ ರಸ್ತೆಯ ಸಂದಿಗೊಂದಿ ಅಲೆದಳು, ಮೈಸೂರಿಗೆ ಹೋಗಿ ಬರಿಗೈಲಿ ಬಂದಳು. ಕೊನೆಗೆ ಮನೆಯ ಬೀರು ತೆಗೆದು ನಿಂತಳು.

ಬೀರುವಿನಲ್ಲಿ ರಾಣಿ ಇದ್ದಳು. ಒಬ್ಬಳೇ.

ಇದು ಅವಳ ತಾಯಿ ಅಕ್ಕಯಮ್ಮ ಮಾಡಿದ ಕೆಲಸ. ಹೆಣ್ಣುಮಕ್ಕಳು ಇಬ್ಬರು, ಮನೆಯಲ್ಲಿದ್ದದ್ದು ಒಂದು ಜೋಡಿ. ಬೇರೆಯವರಾಗಿದ್ದರೆ ಇನ್ನೊಂದು ಜೋಡಿ ಕೊಂಡುತರುತ್ತಿದ್ದರು. ಆಯಮ್ಮ ರಾಜನನ್ನು ದೊಡ್ಡವಳು ಯಮುನಾಗೆ ಕೊಟ್ಟಳು, ರಾಣಿಯನ್ನು ಯಶಶ್ರೀಗೆ. ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು, ಗಂಡ ಹೆಂಡಿರನ್ನ ಹೀಗೆ ಅಗಲಿಸ್ತಾರಾ ಅಂತ. “ವರ್ಷಕ್ಕೊಂದು ಸಲ ಅವ್ರನ್ನ ಒಟ್ಟಿಗೆ ಕೂರಿಸ್ಬೇಕಲ್ಲ, ಆಗ ಈ ಹುಡುಗೀರೆರಡೂ ಒಂದು ಮನೇಲಿ ಸೇರ್ತವೆ” ಅಂದಿದ್ದಳು ಅಕ್ಕಯಮ್ಮ. ತಾಯಿ ಇರುವ ತನಕ ಸೇರಿದವು. ಒಂದು ವರ್ಷ ವೈಯಾಲಿಕಾವಲ್ಲಿನ ಅಕ್ಕನ ಮನೆ, ಒಂದು ವರ್ಷ ಬಸವನಗುಡಿ.

ತಾಯಿ ಹೋದಮೇಲೆ ಒಂದು ದಸರಾಕ್ಕೆ ಯಶಶ್ರೀ ಜೋಧಪುರದಲ್ಲಿದ್ದಳು. ಮುಂದಿನ ದಸರಾಕ್ಕೆ ದೆಹಲಿಯಲ್ಲಿ ಮೇಳ. ಅಕ್ಕ ಫೋನ್ ಮಾಡಿದಾಗಲೆಲ್ಲ ‘ಮುಂದಿನ ವರ್ಷ ಖಂಡಿತಾ ಕಣೇ ಅಕ್ಕಾ’ ಅನ್ನೋಳು. ಹೋದ ವರ್ಷ ಅಕ್ಕ ಫೋನೇ ಮಾಡಲಿಲ್ಲ. ಜಗಳ ಆಡಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ಆಡದೇ ಇದ್ದ ಜಗಳಕ್ಕೆ ಏನಂತ ರಾಜಿ ಮಾಡಿಕೊಳ್ಳೋದು?

ಆದರೂ ಹೋದಳು. ವೈಯಾಲಿಕಾವಲ್ಲಿನಲ್ಲಿ ಅಕ್ಕನದು ಮೂರನೇ ಮಹಡಿ, ಲಿಫ್ಟಿಲ್ಲ. ಮೆಟ್ಟಿಲು ಹತ್ತುತ್ತಾ ಏನು ಹೇಳಬೇಕು ಅಂತ ಜೋಡಿಸಿಕೊಂಡಿದ್ದಳು: ಒಂದು ಹೋಟೆಲ್ಲಿನವರು ಕೇಳ್ತಿದಾರೆ, ಒಂದು ದಿನದ ಮಟ್ಟಿಗೆ ಸಾಕು, ಜೋಪಾನವಾಗಿ ವಾಪಸ್ ತರ್ತೀನಿ. ಬಾಗಿಲು ತೆಗೆದ ಯಮುನಾ ತಂಗಿಯ ಮುಖವನ್ನೇ ನೋಡಿದಳು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಏನೇ ಇಷ್ಟು ಇಳಿದುಹೋಗಿದೀಯ? ಊಟ ಗೀಟ ಮಾಡ್ತೀಯೋ ಇಲ್ವೋ?”

“ಅಕ್ಕಾ, ರಾಜನ್ನ ತಗೊಂಡು ಹೋಗೋಣ ಅಂತ ಬಂದೆ.”

ಮುಂದಿನ ಮಾತು ಬಾಯಲ್ಲೇ ಉಳಿಯಿತು. ಯಮುನಾ ಆಗಲೇ ಒಳಗೆ ಹೋಗಿಯಾಗಿತ್ತು. ಹಳೇ ಪಂಚೆಯಲ್ಲಿ ಸುತ್ತಿದ ರಾಜನನ್ನು ಎದೆಗವಚಿಕೊಂಡು ಬಂದಳು. ಮೈಮೇಲೆ ಹೊಸ ಜರಿ ಅಂಗಿ, ತಲೆಗೆ ರೇಷ್ಮೆ ಚೂರಿನ ಪೇಟ. ಎಲ್ಲಾ ಕೈಹೊಲಿಗೆ.

“ಪ್ರತಿ ವರ್ಷ ಹೊಲಿತೀನಿ. ಇವನೊಬ್ಬನ್ನೇ ಕೂರ್ಸೋಕೆ ಮನಸ್ಸು ಬರ್ಲಿಲ್ಲ ಕಣೇ. ಒಂದು ತೆಂಗಿನಕಾಯಿಗೆ ಕಣ್ಣು ಮೂಗು ಬರೆದು, ಬ್ಲೌಸ್ ಪೀಸ್ ಉಡಿಸಿ ಪಕ್ಕದಲ್ಲಿ ಕೂರಿಸ್ತಿದ್ದೆ. ಹಬ್ಬ ಮುಗಿದ್ಮೇಲೆ ರಾಣೀನ ಒಡೆದು ಚಟ್ನಿ ಮಾಡ್ಕೊಂಡು ತಿಂತಿದ್ವಿ.”

ಇಬ್ಬರೂ ಜೋರಾಗಿ ನಕ್ಕರು. ನಗುತ್ತಾ ನಗುತ್ತಾ ಯಮುನಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಅಂತೂ ನಿನ್ ಮನೇಲಿ ಕೂರಿಸ್ತಿದೀಯಲ್ಲ. ಮೊದಲ್ನೇ ದಿನ ಸಂಜೆ ಗೊಂಬೆ ಬಾಗಿನಕ್ಕೆ ಕೋಡುಬಳೆ ನಾನೇ ಮಾಡ್ಕೊಂಡು ಬರ್ತೀನಿ. ನೀನು ಏನೂ ಹಚ್ಕೋಬೇಡ. ಆಯ್ತಾ?”

“ಹೂಂ” ಅಂದಳು ಯಶಶ್ರೀ.

ಒಂದೇ ಒಂದು ಹೂಂ. ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕಿದಳು. ಬೆಳಿಗ್ಗೆ ಹೋಟೆಲಲ್ಲಿ ಫೋಟೊ ಮುಗಿಸಿ ಸಂಜೆಯೊಳಗೆ ಎರಡನ್ನೂ ಮನೆಗೆ ತಂದುಬಿಟ್ಟರಾಯಿತು, ಅಕ್ಕನಿಗೆ ಗೊತ್ತೇ ಆಗುವುದಿಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದಣಿದವರಿಗೆ ಇಂಥ ಸಮಾಧಾನ ಬೇಗ ಒಗ್ಗುತ್ತದೆ.

ಆದರೆ ಲೋಹಿತನ ಬೆಳಗಿನ ಓಪನಿಂಗು ಸಂಜೆಗೆ ಹೋಯಿತು. ಯಾರೋ ದೊಡ್ಡವರು ಬರೋದು ತಡವಂತೆ. ಹಳೇ ಹಜಾರದ ನಡುವೆ ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಮೇಲೆ ರಾಜ ರಾಣಿ, ಮೇಲಿಂದ ಹಳದಿ ದೀಪ. ಚೆನ್ನಾಗಿ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಯಶಶ್ರೀಯೇ ಬರೆದ ಒಂದು ಕಾರ್ಡು: ‘ಚಾಮರಾಜಪೇಟೆಯ ಹಳೆಯ ಮನೆತನವೊಂದರ ಪಟ್ಟದ ಗೊಂಬೆಗಳು.’ ಹಾಗೆ ಬರೆದರೆ ಹೋಟೆಲಿಗೆ ಒಪ್ಪುತ್ತದೆ ಅಂತ ಲೋಹಿತ್ ಹೇಳಿದ್ದ, ಅವಳು ಬರೆದಿದ್ದಳು. ಜನ ಬಂದರು, ಬಗ್ಗಿ ನೋಡಿದರು, ವಾವ್ ಅಂದರು, ಸೆಲ್ಫಿ ತೆಗೆದುಕೊಂಡರು. ಒಬ್ಬಾಕೆ ಕೈ ಹಿಡಿದು, ದಿನಾ ಇಷ್ಟೊಂದು ಸ್ಫೂರ್ತಿ ಎಲ್ಲಿಂದ ತರ್ತೀರ ಅಂತ ಕೇಳಿದಳು. ಯಶಶ್ರೀ ನಕ್ಕು ಗಡಿಯಾರ ನೋಡಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಮೈಸೂರು ಸಿಲ್ಕ್ ಸೀರೆ ಉಟ್ಟ ಯಮುನಾ ಕಾಣಿಸಿದಳು. ಒಂದು ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ.

ಯಮುನಾ ತಂಗಿಯ ಕಡೆ ನೋಡಲಿಲ್ಲ. ನೇರ ಗೊಂಬೆಯ ಹತ್ತಿರ ಹೋಗಿ ಚಪ್ಪಲಿ ಬಿಟ್ಟು, ಕಾರ್ಡು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಕುಂಕುಮ ಇಡಲು ಕೈ ಚಾಚಿದಳು.

“ಅಮ್ಮಾ, ಮುಟ್ಬಾರ್ದು” ಅಂದಳು ಹೋಟೆಲಿನ ಸಮವಸ್ತ್ರದ ಹುಡುಗಿ, ಮೆತ್ತಗೇ. “ಆಂಟಿಕ್ ಅದು.”

ಅಕ್ಕನನ್ನು ಬಿಟ್ಟರೆ ಇಡೀ ಹಜಾರದಲ್ಲಿ ಆ ಗೊಂಬೆ ಯಾರದು ಅಂತ ಹೇಳಬಲ್ಲವಳು ಇನ್ನೊಬ್ಬಳಿದ್ದಳು. ಅವಳ ಪಕ್ಕದಲ್ಲಿ ಲೋಹಿತ್ ನಿಂತಿದ್ದ, ಅವನ ಅತಿಥಿಗಳು ನಿಂತಿದ್ದರು. ಅವಳು ಬಾಯಿ ಬಿಡಲಿಲ್ಲ. ಹೇಳಿದ್ದರೆ ಗಂಟೇನು ಹೋಗುತ್ತಿತ್ತೋ! ಯಮುನಾ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ತಿರುಗಿ ತಂಗಿಯ ಹತ್ತಿರ ಬಂದು ಡಬ್ಬಿಯನ್ನು ಅವಳ ಕೈಗಿಟ್ಟಳು.

“ಮನೆಗೆ ಹೋಗಿದ್ದೆ. ನಿಮ್ಮೆಜಮಾನ್ರು ಇಲ್ಲಿದೀಯ ಅಂದ್ರು.” ದನಿಯಲ್ಲಿ ಕೋಪವೇ ಇರಲಿಲ್ಲ, ಬರೀ ಸುಸ್ತು. “ಹಬ್ಬ ಆದ್ಮೇಲೆ ರಾಜನ್ನ ವಾಪಸ್ ತರೋ ಶ್ರಮ ತಗೋಬೇಡ ಯಶು. ಜೋಡಿ ನಿನ್ ಹತ್ರಾನೇ ಇರ್ಲಿ. ನಂಗೂ ಮೆಟ್ಟಿಲು ಹತ್ತಿಳಿಯೋಕೆ ಆಗಲ್ಲ.”

ಅಷ್ಟೇ ಹೇಳಿ ಹೊರಟಳು.

ಜೋಡಿ ಪೂರ್ತಿಯಾಗಿತ್ತು. ಯಶಶ್ರೀ ಇಷ್ಟು ವರ್ಷದ ವ್ಯಾಪಾರದಲ್ಲಿ ಒಡೆದ ಜೋಡಿಗಳನ್ನು ಹುಡುಕಿ ಹುಡುಕಿ ಸೇರಿಸಿದವಳು, ಜೋಡಿಯಾದರೇ ಬೆಲೆ ಅಂತ ಎಲ್ಲರಿಗೂ ಪಾಠ ಹೇಳಿದವಳು. ಈಗ ಡಬ್ಬಿ ಹಿಡಿದು ಬಾಗಿಲ ಕಡೆ ನೋಡಿದಳು. ಎರಡೂ ತನ್ನಲ್ಲೇ ಉಳಿದರೆ ಇನ್ನು ಅಕ್ಕ ಯಾಕೆ ಬರುತ್ತಾಳೆ? ತಾನು ಯಾವ ನೆಪಕ್ಕೆ ಆ ಮೂರು ಮಹಡಿ ಹತ್ತುತ್ತಾಳೆ? ಅಮ್ಮ ಹಾಕಿಟ್ಟಿದ್ದ ಗಂಟು ಅದೊಂದೇ. ಅದನ್ನು ಅಕ್ಕ ಈಗಷ್ಟೇ ಬಿಚ್ಚಿ ಅವಳ ಕೈಗೆ ಕೊಟ್ಟು ಹೋಗಿದ್ದಳು.

ಯಶಶ್ರೀ ಡಬ್ಬಿಯನ್ನು ಲೋಹಿತನ ಕೈಗೆ ತುರುಕಿ, ಚಪ್ಪಲಿ ಕಳಚಿ, ಮೆಟ್ಟಿಲ ಮೇಲಿಂದ ರಾಜನನ್ನು ಎತ್ತಿಕೊಂಡಳು.

“ಮೇಡಂ, ಮೇಡಂ, ಏನ್ಮಾಡ್ತಿದೀರ? ಫೋಟೊ ಬಾಕಿ ಇದೆ!”

“ನಮ್ಮಮ್ಮಂದು ಕಣಪ್ಪಾ ಇದು” ಅಂದಳು, ಎಲ್ಲರಿಗೂ ಕೇಳುವ ಹಾಗೆ. “ಚಾಮರಾಜಪೇಟೆದೂ ಅಲ್ಲ, ಯಾವ ದೊಡ್ಡ ಮನೆತನದ್ದೂ ಅಲ್ಲ. ಆ ಕಾರ್ಡ್ ಹರಿದುಹಾಕಿ.”

ಬರಿಗಾಲಲ್ಲೇ ಬೀದಿಗೆ ಓಡಿದಳು. ಮಂಡಿ ಬೇಡ ಬೇಡ ಅನ್ನುತ್ತಿತ್ತು. ಯಮುನಾ ಆಟೋ ಹತ್ತಿ ಕೂತಾಗಿತ್ತು. ಯಶಶ್ರೀ ಅಡ್ಡ ನಿಂತು, ಏದುಸಿರು ಬಿಡುತ್ತಾ, ರಾಜನನ್ನು ಅಕ್ಕನ ಮಡಿಲಿಗೆ ನೂಕಿದಳು.

“ನಂಗೆ ಎರಡೂ ಬೇಡ. ಇವನು ನಿನ್ ಹತ್ರಾನೇ ಇರ್ಬೇಕು. ನಾನು ಸುಳ್ಳು ಹೇಳ್ದೆ, ತಪ್ಪಾಯ್ತು. ಬೈಯಿ, ಹೊಡಿ, ಆದ್ರೆ ಕೊಟ್ಬಿಡ್ತೀನಿ ಅನ್ಬೇಡ ಅಕ್ಕಾ.”

ಯಮುನಾ ಗೊಂಬೆಯನ್ನು ನೋಡಿದಳು, ತಂಗಿಯನ್ನು ನೋಡಿದಳು. ಆಗ ಶುರುವಾಯಿತು.

“ಥೂ, ನಿಂಗೆ ಬುದ್ಧಿ ಇದ್ಯೇನೇ? ಕೂರಿಸಿದ ಗೊಂಬೇನ ವಿಜಯದಶಮಿಗೆ ಮುಂಚೆ ಯಾರಾದ್ರೂ ಎಬ್ಬಿಸ್ತಾರಾ? ದೀಪ ಹಚ್ಚಿದ್ಮೇಲೆ? ದೇಶ ಸುತ್ತಿ ಸುತ್ತಿ ಇದೇ ಏನು ಕಲ್ತಿದ್ದು? ಊರವ್ರ ಮನೆ ಸಂಪ್ರದಾಯ ಎಲ್ಲಾ ಫೋನಲ್ಲಿ ಬರೀತೀಯ, ನಮ್ಮನೇದು ಮರೆತು ಕೂತಿದೀಯ. ಎರಡು ದಸರಾ ಕಾದೆ ಕಣೇ ನಾನು, ಎರಡು ದಸರಾ! ಫೋನ್ ಇಟ್ಮೇಲೆ ಅಡುಗೆಮನೇಲಿ ನಿಂತು ಅತ್ತಿದೀನಿ, ಗೊತ್ತಾ ನಿಂಗೆ?”

ಬೈಗುಳ ಸುರಿಯುತ್ತಲೇ ಇತ್ತು. ಹೂವಿನ ತಳ್ಳುಗಾಡಿಯವಳು ನಿಂತು ನೋಡಿದಳು. ಹಿಂದಿನ ಕಾರಿನವನು ಹಾರನ್ ಹೊಡೆದ. ಯಶಶ್ರೀ ಆಟೋದ ಕಂಬಿ ಹಿಡಿದು, ತಲೆ ತಗ್ಗಿಸಿ, ಒಂದೊಂದನ್ನೂ ಕೇಳಿಸಿಕೊಂಡಳು. ಅಳು ಬರುತ್ತಿತ್ತು. ಅಕ್ಕ ಬೈಯುತ್ತಿದ್ದಾಳಲ್ಲ ಅಂತ ಎದೆ ಹಗುರವೂ ಆಗುತ್ತಿತ್ತು.

ಮಾತು ಮುಗಿದು ಯಮುನಾ ಉಸಿರು ಬಿಟ್ಟಳು. ಓಟದಲ್ಲಿ ರಾಜನ ಪೇಟ ಕಿವಿಯ ಮೇಲೆ ಜಾರಿತ್ತು, ಅದನ್ನು ಹೆಬ್ಬೆರಳಲ್ಲಿ ಮೇಲಕ್ಕೆ ಸರಿಪಡಿಸಿದಳು.

“ಮೇಡಂ, ಹೋಗೋದಾ ಬೇಡ್ವಾ?” ಅಂದ ಆಟೋದವನು.

“ಸ್ವಲ್ಪ ಇರಪ್ಪ” ಅಂದಳು ಯಮುನಾ. ಆಮೇಲೆ ತಂಗಿಯ ಕಡೆ ತಿರುಗಿ, “ಏನು ಹಂಗೆ ನಿಂತಿದೀಯ? ಅವಳೊಬ್ಬಳನ್ನೇ ಅಷ್ಟು ಜನದ ಮಧ್ಯ ಬಿಟ್ಟು ಬಂದಿದೀಯಲ್ಲೇ. ಹೋಗು, ರಾಣೀನೂ ಎತ್ಕೊಂಡು ಬಾ. ಚಪ್ಪಲಿ ಹಾಕ್ಕೊಂಡ್ ಬಾ.”