ಟಿವಿ ನೋಡಿದವರು ಟೆಂಪೋ ತಳ್ಳಿ

ಬೆಳಿಗ್ಗೆ ಆರು ಗಂಟೆ. ಬಂಡೀಪುರ ಕಾಡಿನ ಚೆಕ್‌ಪೋಸ್ಟ್ ಗೇಟು ತೆರೆಯಿತು. ಸಾಲಿನಲ್ಲಿ ಮೊದಲು ನಿಂತಿದ್ದ ಟೆಂಪೋ ಸ್ಟಾರ್ಟ್ ಆಗಲಿಲ್ಲ.

ಟೆಂಪೋ ತೆರಕಣಾಂಬಿಯ ಶಿವಮಲ್ಲುವಿನದು. ಅದರಲ್ಲಿದ್ದ ಬೀನ್ಸ್ ಮೂಟೆಗಳು ಬೆಳಗಿನ ವ್ಯಾಪಾರಕ್ಕೆ ಕೇರಳದ ಸುಲ್ತಾನ್ ಬತ್ತೇರಿ ಸೇರಬೇಕಿತ್ತು.

ಕಾಡಿನ ರಸ್ತೆಯನ್ನು ರಾತ್ರಿ ಮುಚ್ಚಲು ಶುರುಮಾಡಿದ ಮೇಲೆ ಶಿವಮಲ್ಲು ಮತ್ತು ಅವನ ಹೆಂಡತಿ ಪುಟ್ಟಸಿದ್ದಮ್ಮ ಗೇಟಿನ ಬಳಿಯೇ ಮಲಗುತ್ತಿದ್ದರು. ಡ್ರೈವರ್ ಸೀಟಿನ ಹಿಂದೆ ಹಲಗೆ ಹೊಡೆಸಿ ಸಣ್ಣ ಕೋಣೆ ಮಾಡಿಕೊಂಡಿದ್ದರು. ಅದರಲ್ಲಿ ಹಾಸಿಗೆ, ಸೀಮೆಎಣ್ಣೆ ಸ್ಟೌ, ಟ್ಯೂಬ್‌ಲೈಟು, ಟೇಬಲ್ ಫ್ಯಾನು, ಸಿ.ಡಿ. ಪ್ಲೇಯರ್ ಜೊತೆಗೆ ಒಂದು ಕಲರ್ ಟಿವಿ. ದೀಪ, ಫ್ಯಾನು, ಟಿವಿ ಎಲ್ಲಕ್ಕೂ ಕರೆಂಟು ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಲೇ, ಅದನ್ನು ಮನೆ ಕರೆಂಟಾಗಿ ಬದಲಿಸುವ ಇನ್ವರ್ಟರ್ ಮೂಲಕ. ಹಿಂದಿನ ರಾತ್ರಿ ಸಾಲಿನ ಅರ್ಧದಷ್ಟು ಡ್ರೈವರುಗಳು ಅದರ ಬಾಗಿಲ ಮುಂದೆ ಕೂತು ಎರಡು ಸಿನಿಮಾ ನೋಡಿದ್ದರು.

ಈಗ ಅವರೇ ಹಾರನ್ ಬಾರಿಸುತ್ತಿದ್ದರು. ಪುಟ್ಟಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದಳು.

"ಬಡ್ಕಬ್ಯಾಡಿ ಹಾರನ್ನ! ರಾತ್ರಿ ಟಿವಿ ನೋಡ್ದೋರೆಲ್ಲ ಬಂದು ತಳ್ಳಿ!"

"ನಾನು ಅರ್ಧಕ್ಕೇ ನಿದ್ದೆ ಮಾಡ್ಬುಟ್ಟೆ ಕಣಕ್ಕ," ಎಂದ ಹಿಂದಿನ ಟೆಂಪೋದ ಮಾದಣ್ಣ.

"ಅಂಗಾರೆ ಅರ್ಧ ದೂರ ತಳ್ಳು."

ಟೆಂಪೋ ಹೊರಟಿತು. ಬತ್ತೇರಿ ಸೇರುವಾಗ ತಡವಾಗಿತ್ತು. ಕಾಯಂ ವ್ಯಾಪಾರಿ ಮೂಟೆ ಇಳಿಸಿಕೊಂಡ. ಇನ್ನೊಂದು ಸಲ ತಡವಾದರೆ ಬೇರೆಯವರ ಬಳಿ ಕೊಳ್ಳುತ್ತೇನೆ ಎಂದು ಮುಖಕ್ಕೇ ಹೇಳಿದ.

ಊರಿಗೆ ಬಂದವಳೇ ಪುಟ್ಟಸಿದ್ದಮ್ಮ ತನ್ನ ಅಣ್ಣನ ಮಗಳು ಭವ್ಯಳನ್ನು ಕರೆಸಿದಳು. ಚಾಮರಾಜನಗರದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ ಭವ್ಯ ಗುಂಡ್ಲುಪೇಟೆಯ ಸೋಲಾರ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

"ಇನ್ನೂ ದೊಡ್ಡ ಬ್ಯಾಟ್ರಿ ಆಕ್ಸುದ್ರೆ ಆಯ್ತು ಬುಡು," ಎಂದ ಶಿವಮಲ್ಲು.

"ಎಷ್ಟು ದೊಡ್ಡದು ಮಾವ?"

"ದೊಡ್ಡದು ಅಂದ್ರೆ ದೊಡ್ಡದು ಕಣಮ್ಮಿ!"

ಭವ್ಯ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಅನ್ನಕ್ಕಿಡೋಕೆ ಮುಂಚೆ ಏನು ಕೇಳ್ತೀಯ?"

"ಉಣ್ಣೋರು ಎಷ್ಟು ಜನ ಅಂತ."

"ಇದೂ ಅಂಗೇ. ಮೊದ್ಲು ಉಣ್ಣೋವು ಯಾವ್ಯಾವು ಅಂತ ನೋಡನ."

ಟೆಂಪೋದ ಹಿಂಬಾಗಿಲ ಮೇಲೆ ಅವಳು ಸೀಮೆಸುಣ್ಣದಿಂದ ಬರೆದಳು. ಪ್ರತಿ ಸಾಮಾನಿನ ವ್ಯಾಟನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿದರೆ ದಿನದ ಖರ್ಚು ಸಿಗುತ್ತದೆ. ಅದಕ್ಕೆ ವ್ಯಾಟ್-ಗಂಟೆ ಎನ್ನುತ್ತಾರೆ. ಫ್ಯಾನು 50 ವ್ಯಾಟು, ಎಂಟು ಗಂಟೆ: 400. ಟ್ಯೂಬು 40 ವ್ಯಾಟು, ನಾಲ್ಕು ಗಂಟೆ: 160. ಟಿವಿ, ಪ್ಲೇಯರ್ ಸೇರಿ 80 ವ್ಯಾಟು, ನಾಲ್ಕು ಗಂಟೆ: 320. ಒಟ್ಟು 880.

"ಎಂಜಿನ್ ಬ್ಯಾಟ್ರಿ ಇರೋದು ಒಂದು ಗಳಿಗೆ ಜೋರಾಗಿ ತಿರುಗ್ಸಕ್ಕೆ. ರಾತ್ರಿಯೆಲ್ಲ ಸಿನಿಮಾ ತೋರ್ಸಕ್ಕಲ್ಲ ಮಾವ."

"ಟಿವಿ ಮಾತ್ರ ತೆಗ್ಸಾಕಿಲ್ಲ. ಗೇಟ್ತಾವ ನಂಗೊಂದು ಮರ್ಯಾದೆ ಅದೆ."

"ಬೆಳಿಗ್ಗೆ ಅಷ್ಟು ಜನ ನಿಮ್ಮ ಹಿಂದೆ ನಿಂತು ತಳ್ಳಿದ್ರಲ್ಲ, ಆ ಮರ್ಯಾದೆನಾ?"

ಪುಟ್ಟಸಿದ್ದಮ್ಮ ನಕ್ಕುಬಿಟ್ಟಳು. ಶಿವಮಲ್ಲು ಮೀಸೆ ತಿರುವಿದ.

ಭವ್ಯ ಲೆಕ್ಕ ಅಳಿಸಿ, ಟಿವಿ ಬಿಟ್ಟು ಮತ್ತೆ ಬರೆದಳು. ನೇರವಾಗಿ 12 ವೋಲ್ಟಿಗೆ ತಿರುಗುವ 15 ವ್ಯಾಟಿನ ಫ್ಯಾನು: 120. ಅದೇ 12 ವೋಲ್ಟಿಗೆ ಉರಿಯುವ ಒಂಬತ್ತು ವ್ಯಾಟಿನ ಸಿ.ಎಫ್.ಎಲ್. ದೀಪ: 36. ಮೊಬೈಲ್ ಚಾರ್ಜಿಗೆ ಹತ್ತು. ಒಟ್ಟು 166. ಇದಕ್ಕೆ 12 ವೋಲ್ಟಿನ, 40 ಆಂಪಿಯರ್-ಗಂಟೆಯ ಸೋಲಾರ್ ಬ್ಯಾಟರಿ ಸಾಕು. ಅದರಲ್ಲಿ 480 ವ್ಯಾಟ್-ಗಂಟೆ ಹಿಡಿಯುತ್ತದೆ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ತುಂಬಿಸಲು 75 ವ್ಯಾಟಿನ ಪ್ಯಾನೆಲ್. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಇನ್ನೂರಕ್ಕೂ ಹೆಚ್ಚು ವ್ಯಾಟ್-ಗಂಟೆ ಬರುತ್ತದೆ.

"ಎಂಜಿನ್ ಬ್ಯಾಟ್ರಿಗೂ ಇದಕ್ಕೂ ಸಂಬಂಧ ಇರ್ಬಾರ್ದು," ಎಂದಳು ಭವ್ಯ.

"ಒಂದೇ ಮನೇಲಿ ಎರಡು ಒಲೆನಾ?"

"ಹೂಂ ಮಾವ. ಬ್ಯಾಟ್ರಿಗಳು ಬ್ಯಾರೆ ಸಂಸಾರ ಮಾಡಿದ್ರೇ ಸುಖ."

ಬ್ಯಾಟರಿಯನ್ನು ಹಾಸಿಗೆಯ ಕೆಳಗಿಡಲು ಶಿವಮಲ್ಲು ಜಾಗ ಮಾಡಿದ್ದ. ಭವ್ಯ ಒಪ್ಪಲಿಲ್ಲ. ಚಾರ್ಜ್ ಆಗುವಾಗ ಅದರಿಂದ ಹೊತ್ತಿಕೊಳ್ಳುವ ಗ್ಯಾಸು ಬರುತ್ತದೆ, ಪಕ್ಕದಲ್ಲೇ ಸ್ಟೌ ಇದೆ ಎಂದಳು. ಹೊರಗೆ ಗಾಳಿಯಾಡುವ ಪೆಟ್ಟಿಗೆ ಮಾಡಿಸಿ ಅಲ್ಲಿಟ್ಟರು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಬಂತು, ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ, ಬ್ಯಾಟರಿ ಅತಿಯಾಗಿ ತುಂಬದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಬಂತು. ಪ್ಯಾನೆಲ್ ಕ್ಯಾಬಿನ್ನಿನ ನೆತ್ತಿಗೆ ಏರಿತು. ಗಾಡಿಯಲ್ಲಿ ನೆರಳಿಲ್ಲದೆ ಒಳ್ಳೆ ಬಿಸಿಲು ಬೀಳುವ ಜಾಗ ಇದೊಂದೇ ಎಂದು ಭವ್ಯ ಇಬ್ಬರಿಗೂ ಒತ್ತಿ ಹೇಳಿದಳು. ಟಿವಿ, ಪ್ಲೇಯರ್, ಇನ್ವರ್ಟರ್ ಮೂರನ್ನೂ ಮಾದಣ್ಣ ಖುಷಿಯಿಂದ ಕೊಂಡ.

ಮುಂದಿನ ವಾರ ಶಿವಮಲ್ಲು ಹೆಂಡತಿಯನ್ನು ಟೆಂಪೋದಲ್ಲಿ ಕೂರಿಸಿಕೊಂಡು ಗುಂಡ್ಲುಪೇಟೆಯ ಅಂಗಡಿಗೇ ಬಂದು ನಿಂತ. ದನಿಯಲ್ಲಿ ಗೆದ್ದ ಕಳೆಯಿತ್ತು.

"ನೋಡ್ದಾ ನಿನ್ ಸೋಲಾರು? ರಾತ್ರಿ ಫ್ಯಾನು ನಿಂತೋಯ್ತು. ಸೊಳ್ಳೆ ನನ್ನ ಎತ್ಕೊಂಡೋಗೋದೊಂದು ಬಾಕಿ."

"ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಯ್ತಾ?"

"ಆಯ್ತು."

"ಬತ್ತೇರಿಗೆ ಹೊತ್ತಿಗೆ ಸರಿಯಾಗಿ ಹೋದ್ರಾ?"

"ಓದೋ. ಅದಲ್ಲ ಕಣಮ್ಮಿ ಮಾತು..."

"ಅದೇ ಮಾವ ಮಾತು. ಬ್ಯಾರೆ ಸಂಸಾರ ಯಾಕೆ ಅಂತ ಈಗ ಗೊತ್ತಾಯ್ತಾ?"

ಶಿವಮಲ್ಲು ತಲೆ ಕೆರೆದುಕೊಂಡ. ಭವ್ಯ ಟೆಂಪೋ ಹತ್ತಿ ನೋಡಿದಳು. ಪ್ಯಾನೆಲ್ ಕಾಣಲಿಲ್ಲ. ಅದರ ಮೇಲೆ ಹಳೆಯ ಪಂಚೆ ಹಾಸಿತ್ತು. ಪಂಚೆಯ ತುಂಬ ಅಕ್ಕಿ ಸಂಡಿಗೆ.

"ಅತ್ತೇ! ಏನಿದು?"

"ನೀನೇ ಏಳ್ದೆಲ್ಲ ಕಣಮ್ಮಿ, ಗಾಡಿಲೆಲ್ಲ ಒಳ್ಳೆ ಬಿಸ್ಲು ಬೀಳೋ ಜಾಗ ಅದೇ ಅಂತ? ನಾಕೇ ದಿನಕ್ಕೆ ಗರಿಗರಿ ಒಣಗವೆ ನೋಡು."

ಶಿವಮಲ್ಲು ಬಿದ್ದು ಬಿದ್ದು ನಕ್ಕ. "ನಿಮ್ಮತ್ತೆ ಸಂಡಿಗೆ ಚಾರ್ಜ್ ಮಾಡವ್ಳೆ! ಬುಡು, ತಪ್ಪು ನಿನ್ನ ಲೆಕ್ಕದ್ದಲ್ಲ."

ಸಂಡಿಗೆ ತಾಡಪಾಲಿನ ಮೇಲಕ್ಕೆ ಹೋಯಿತು. ಪುಟ್ಟಸಿದ್ದಮ್ಮ ಪ್ಯಾನೆಲ್ ಒರೆಸಿದಳು.

ಗಾಡಿಯಲ್ಲೇ ಮಲಗಿ ವ್ಯಾಪಾರ ಮಾಡುವ ಬಂಧುಗಳೇ, ಬ್ಯಾಟರಿ ಕೊಳ್ಳುವ ಮುಂಚೆ ಲೆಕ್ಕ ಹಾಕಿ. ಏನೇನು ಉರಿಸುತ್ತೀರಿ, ಎಷ್ಟು ಹೊತ್ತು ಎಂದು ಮೊದಲು ನೋಡಿ. ಎಂಜಿನ್ ಬ್ಯಾಟರಿಯನ್ನು ಎಂಜಿನ್ನಿಗೇ ಬಿಡಿ. ಫ್ಯೂಸ್ ಹಾಕಿಸಿ, ಬ್ಯಾಟರಿಗೆ ಗಾಳಿಯಾಡಲು ಬಿಡಿ. ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟು ಬಹಳ ಕಡಿಮೆಯಾಗುತ್ತದೆ, ಅಲ್ಲಿ ಏನನ್ನೂ ಒಣಗಿಸಬೇಡಿ.

ಮರುದಿನ ಬೆಳಿಗ್ಗೆ ಗೇಟು ತೆರೆಯಿತು. ಶಿವಮಲ್ಲುವಿನ ಟೆಂಪೋ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಹಿಂದಿದ್ದ ಮಾದಣ್ಣನ ಟೆಂಪೋ ಸ್ಟಾರ್ಟ್ ಆಗಲಿಲ್ಲ. ರಾತ್ರಿ ಅಲ್ಲಿ ಟಿವಿ ನೋಡಿದ್ದ ಶಿವಮಲ್ಲು ಇಳಿದು ಹೋಗಿ ತಳ್ಳಿದ.