ಕರಗುವ ಮುನ್ನ ಮೇಲಿನ ಮನೆಗೆ

ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಅಕ್ಕ, ತಮ್ಮ ಇಬ್ಬರೇ ಸೇರಿ ಒಂದು ಕಂಪ್ಯೂಟರ್ ಆಟ ಕಟ್ಟುತ್ತಿದ್ದರು. ಚಿತ್ರವೆಲ್ಲ ಅಕ್ಕನದು, ಲೆಕ್ಕಾಚಾರವೆಲ್ಲ ತಮ್ಮನದು. ಕೆಳಗಿನ ಇಸ್ತ್ರಿಯ ಕಾವಿಗೆ ಕೋಣೆಯ ನೆಲ ಸದಾ ಬೆಚ್ಚಗಿರುತ್ತಿತ್ತು. ಅದಕ್ಕೋ ಏನೋ ಅವರಿಗೆ ಮಂಜುಗಡ್ಡೆಯ ಆಟ ಹೊಳೆದಿತ್ತು. ಒಬ್ಬ ಪುಟ್ಟ ಕೂಲಿ ತಲೆಯ ಮೇಲೆ ಗಡ್ಡೆ ಹೊತ್ತು ಹಲಗೆಯಿಂದ ಹಲಗೆಗೆ, ಚಾವಣಿಯಿಂದ ಚಾವಣಿಗೆ ಹಾರುತ್ತ ಹತ್ತಬೇಕು. ತೀರ ಮೇಲಿನ ಮನೆಯಲ್ಲಿ ಜ್ವರ ಬಂದ ಮುದುಕಿ ಮಲಗಿದ್ದಾಳೆ. ಗಡ್ಡೆ ಕರಗುವುದರೊಳಗೆ ತಲುಪಿದರೆ ಗೆದ್ದಂತೆ. ಇಲ್ಲವಾದರೆ ಮತ್ತೆ ಕೆಳಗಿನಿಂದ. ದೇವರು ಕರುಣೆಯಿಂದ ಕೊಟ್ಟ ಬಿಡುವಿನಲ್ಲೂ ಹೊತ್ತಾಯಿತು ಹೊತ್ತಾಯಿತು ಎಂದು ಓಡುವುದಕ್ಕೆ ಜನ ದುಡ್ಡು ತೆರುತ್ತಾರೆಂದು ಇಬ್ಬರೂ ನಂಬಿದ್ದರು. ಜನರನ್ನು ಅವರು ಚೆನ್ನಾಗಿಯೇ ಬಲ್ಲವರು.

ಇಂಥ ಆಟ ಕಟ್ಟುವವರಿಗೆ ಒಂದು ಕಷ್ಟವಿದೆ. ತಮ್ಮ ಆಟವನ್ನು ತಾವೇ ಆಡಿ ಆಡಿ ಅವರ ಬೆರಳು ಪಳಗಿಬಿಡುತ್ತದೆ. ಎಷ್ಟು ಹೊತ್ತು ಕೊಟ್ಟರೆ ನ್ಯಾಯ ಎನ್ನುವುದು ಆಮೇಲೆ ಅವರಿಗೆ ತಿಳಿಯುವುದಿಲ್ಲ. ಅದಕ್ಕೆ ಏನೂ ಬಾರದ ಒಬ್ಬರನ್ನು ಕೂರಿಸಿ ಆಡಿಸಿ, ಅವರ ಕೈಗೆ ತಕ್ಕಂತೆ ಗಡ್ಡೆಯ ಗಾತ್ರ ಗೊತ್ತುಮಾಡಬೇಕು. ಇವರಿಗೆ ಅಂಥ ಒಬ್ಬರು ಮನೆಯಲ್ಲಿಯೇ ಇದ್ದರು, ದೊಡ್ಡಮ್ಮ. ಅಷ್ಟು ದಡ್ಡಗೈ ಹುಡುಕಿದರೂ ಸಿಗುವಂಥದಲ್ಲ. ಕೂಲಿ ಬಿದ್ದಾಗಲೆಲ್ಲ ಅಯ್ಯೋ ಮಗು ಎನ್ನುವರು. ನಡುವೆ ಓಡುವುದನ್ನು ಬಿಟ್ಟು, ಅಕ್ಕ ಬರೆದ ಒಣಹಾಕಿದ ಬಟ್ಟೆಗಳ ಚಿತ್ರವನ್ನು ನೋಡುತ್ತ ನಿಲ್ಲುವರು. ಎಷ್ಟು ಆಡಿದರೂ ಅವರ ಆಟ ಸುಧಾರಿಸಲೇ ಇಲ್ಲ. ದೊಡ್ಡಮ್ಮ ತಲುಪಿದರೆ ಲೋಕವೇ ತಲುಪಿದ ಹಾಗೆ ಎಂದು ತಮ್ಮ ಹೇಳುತ್ತಿದ್ದ.

ಆ ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಆಸ್ಪತ್ರೆಯಲ್ಲಿ ಅವರ ಉಸಿರು ನಿಂತಾಗ ದೊಡ್ಡಪ್ಪ ಕೆಳಗೆ ಔಷಧಿಯ ಸಾಲಿನಲ್ಲಿದ್ದರು. ಮುಂದೆ ನಿಂತಿದ್ದವನು ಮಾತ್ರೆಯ ಬಣ್ಣ ಬೇರೆಯಾಗಿದೆಯೆಂದು ವಾದ ಹೂಡಿದ್ದ. ದೊಡ್ಡಪ್ಪ ಸಭ್ಯರು, ಅವನನ್ನು ದಾಟಿ ಕೈ ಚಾಚಲಿಲ್ಲ. ಪೊಟ್ಟಣ ಹಿಡಿದು ಮೇಲೆ ಬಂದಾಗ ದಾದಿ ಬಾಗಿಲಲ್ಲೇ ತಡೆದಳು.

ಕೆಲವು ವಾರ ಕಳೆದ ಮೇಲೆ ದೊಡ್ಡಪ್ಪ ಲಾಂಡ್ರಿಯ ಮೆಟ್ಟಿಲು ಹತ್ತಿ ಬಂದು, ಹೆಂಡತಿಯ ಕುರ್ಚಿಯಲ್ಲಿ ಕುಳಿತು, ಅವಳ ಕೆಲಸ ಇನ್ನು ತಮ್ಮದು ಎಂದರು. ಬೇಡ ಎನ್ನುವುದಕ್ಕೆ ಮಕ್ಕಳಿಗೆ ಬಾಯಿ ಬರಲಿಲ್ಲ. ಮೊದಮೊದಲು ಅವರೂ ಚೆನ್ನಾಗಿ ಬಿದ್ದರು. ಆದರೆ ದೊಡ್ಡಮ್ಮನಿಗಿದ್ದ ವರ ಅವರಿಗೆ ಇರಲಿಲ್ಲ; ಅವರು ಕಲಿತುಬಿಟ್ಟರು. ಬೆಳಗಿನ ಪ್ರಾರ್ಥನೆ ದಿನದಿನಕ್ಕೆ ಚಿಕ್ಕದಾಯಿತು. ದೇವರಾದರೆ ಕಾಯುತ್ತಾನೆ, ಗಡ್ಡೆ ಕಾಯುವುದಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಪ್ರತಿ ಸಲವೂ ಮುದುಕಿಯ ಬಾಗಿಲು ಮುಟ್ಟಿದ ಮೇಲೆ ಅವರದು ಒಂದೇ ಮಾತು: ಸಲೀಸಾಯಿತು, ಗಡ್ಡೆ ಇನ್ನೂ ಚಿಕ್ಕದು ಮಾಡಿ.

ಮಕ್ಕಳು ಮಾಡಿದರು. ಕನ್ನಡಕ ಹಾಕಿದ ದೊಡ್ಡಪ್ಪನಿಗೇ ಸಲೀಸು ಎಂದ ಮೇಲೆ ಬೇರೆಯವರ ಮಾತೇನು ಎಂದು ಇಬ್ಬರೂ ಲೆಕ್ಕ ಹಾಕಿದರು. ಓದಿಕೊಂಡವರ ಲೆಕ್ಕವೇ ಹಾಗೆ. ಕೂಲಿಯ ತಲೆಯ ಮೇಲೆ ಇಟ್ಟಿಗೆಯಷ್ಟಿದ್ದ ಗಡ್ಡೆ ಸೋಪಿನಷ್ಟಾಯಿತು. ಕೊನೆಗೆ ಸಕ್ಕರೆಯ ಅಚ್ಚಿನಷ್ಟು ಉಳಿಯಿತು.

ಹೊಸ ಆಟಗಳ ಪ್ರದರ್ಶನದಲ್ಲಿ ಇವರಿಗೂ ಒಂದು ಮೇಜು ಸಿಕ್ಕಿತು. ಆಟಗಳನ್ನು ಕೊಂಡು ಮಾರುವ ಕಂಪನಿಯ ಹೆಂಗಸು ಅಲ್ಲಿಗೆ ಬರುವವಳಿದ್ದಳು. ಅವಳು ಒಪ್ಪಿದರೆ ಆಟ ಹೊರಗೆ ಬರುತ್ತದೆ, ಇಲ್ಲವಾದರೆ ಲಾಂಡ್ರಿಯ ಮೇಲೆಯೇ ಬೆವರುತ್ತ ಕೂರುತ್ತದೆ. ಬೆಳಗಿನಿಂದ ಯಾರು ಬಂದು ಕೂತರೂ ಎರಡನೆಯ ಹಲಗೆಯಲ್ಲೇ ಗಡ್ಡೆ ನೀರಾಯಿತು. ಆಟದಲ್ಲಿ ನಿಪುಣನೆಂದು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡಿದ್ದವನೊಬ್ಬ ಮೂರನೆಯ ಹಲಗೆ ಮುಟ್ಟಿ, ಯಂತ್ರ ಕೆಟ್ಟಿದೆ ಎಂದು ಎದ್ದುಹೋದ. ಕಂಪನಿಯ ಹೆಂಗಸೂ ಮೂರು ಸಲ ಬಿದ್ದು, ಇದನ್ನು ಯಾರಾದರೂ ಮುಗಿಸಿದ್ದಾರಾ ಎಂದು ಕೇಳಿದಳು. ತಮ್ಮ ಹೆಮ್ಮೆಯಿಂದ ದೊಡ್ಡಪ್ಪನನ್ನು ಮುಂದೆ ತಳ್ಳಿದ.

ದೊಡ್ಡಪ್ಪ ಕನ್ನಡಕ ಒರೆಸಿ ಕುಳಿತರು. ಕೂಲಿ ಗಾಳಿಯಂತೆ ಹತ್ತಿದ. ನೋಡುನೋಡುತ್ತ ಜನ ಸೇರಿ ಮೊಬೈಲು ಎತ್ತಿ ಹಿಡಿದರು. ಎಲ್ಲರೂ ದೊಡ್ಡಪ್ಪನನ್ನು ಚಿತ್ರೀಕರಿಸಿದರೇ ಹೊರತು ಆಟದ ಕಡೆ ಒಬ್ಬರೂ ನೋಡಲಿಲ್ಲ. ಚಪ್ಪಾಳೆ ನಿಂತ ಮೇಲೆ ಕಂಪನಿಯ ಹೆಂಗಸು ಅಕ್ಕನಿಗೆ ಹೇಳಿದಳು:

"ಚಿತ್ರ ತುಂಬಾ ಚೆನ್ನಾಗಿದೆ. ಆದ್ರೆ ನೀವು ಒಬ್ಬರಿಗೋಸ್ಕರ ಆಟ ಮಾಡಿದ್ದೀರಿ, ಅವರ ಹತ್ರ ಆಗ್ಲೇ ಅದು ಇದೆ. ಬೇರೆಯವರೂ ಹತ್ತೋ ಹಾಗೆ ಮಾಡಿ, ನಾಳೆ ತೋರಿಸಿ. ತಗೋತೀನಿ."

ಬದಲಿಸಬೇಕಾದದ್ದು ಗಡ್ಡೆಯ ಗಾತ್ರದ ಒಂದೇ ಒಂದು ಅಂಕಿ. ತಮ್ಮ ಅಲ್ಲೇ ಬದಲಿಸಲು ಹೋದ. ದೊಡ್ಡಪ್ಪ ಕೀಲಿಮಣೆಯ ಮೇಲೆ ಅಂಗೈ ಇಟ್ಟುಬಿಟ್ಟರು. ಅಷ್ಟು ಸುಲಭಕ್ಕೆ ಯಾರೂ ತಲುಪಕೂಡದು, ಬೆವರು ಸುರಿಸದೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂದು ಉಪದೇಶಕ್ಕೆ ತೊಡಗಿದರು. ಪಕ್ಕದ ಮೇಜಿನವರೂ ಕಿವಿಗೊಟ್ಟು ಕೇಳಿದರು. ತಮ್ಮನಿಗೆ ರೇಗಿತು, ಅಕ್ಕ ಅವನನ್ನು ಕಣ್ಣಲ್ಲೇ ಸುಮ್ಮನಿರಿಸಿ, ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು.

"ದೊಡ್ಡಪ್ಪ, ಇವತ್ತು ಈ ಮೇಜಿಗೆ ದೊಡ್ಡಮ್ಮ ಬಂದಿದ್ರೆ ತಲುಪ್ತಿದ್ರಾ?"

ದೊಡ್ಡಪ್ಪ ಪರದೆಯನ್ನು ನೋಡಿದರು. ಕೂಲಿ ಕೆಳಗಿನ ಹಲಗೆಯ ಮೇಲೆ ಸಕ್ಕರೆಯ ಅಚ್ಚು ಹೊತ್ತು ಅಪ್ಪಣೆಗೆ ಕಾದು ನಿಂತಿದ್ದ.

"ಮೊದಲನೇ ಹಲಗೇನೂ ದಾಟ್ತಿರಲಿಲ್ಲ," ಎಂದರು. ಆಮೇಲೆ ಅವರೇ ಕೇಳಿದರು, "ಎಲ್ಲರೂ ಇಷ್ಟು ಸಲೀಸಾಗಿ ತಲುಪೋ ಹಾಗಿದ್ರೆ, ನಾನು ಯಾಕಮ್ಮ ತಲುಪಲಿಲ್ಲ?"

ಅಕ್ಕ ಅವರ ಮಣಿಕಟ್ಟು ಹಿಡಿದುಕೊಂಡಳು. ದೊಡ್ಡಪ್ಪ ಅಂಗೈ ತೆಗೆದರು. ಗಡ್ಡೆಯನ್ನು ನಿಮ್ಮ ದೊಡ್ಡಮ್ಮ ತಲುಪುವಷ್ಟು ದೊಡ್ಡದು ಮಾಡಿ ಎಂದರು. ಇನ್ನೊಂದನ್ನೂ ಕೇಳಿದರು: ಕೂಲಿ ಬಾಗಿಲು ಮುಟ್ಟಿದ ಕೂಡಲೇ ಗೆದ್ದೆ ಎಂದು ತೋರಿಸಿ ಓಡಿಸಬೇಡಿ, ಅವನು ಸ್ವಲ್ಪ ಒಳಗೆ ಹೋಗಲಿ.

"ಒಳಗೆ ಹೋಗಿ ಏನ್ ಮಾಡ್ತಾನೆ ದೊಡ್ಡಪ್ಪ?" ಎಂದ ತಮ್ಮ.

"ಹತ್ರ ಕೂತ್ಕೊಳ್ತಾನೆ."

ಆಟ ಹೊರಗೆ ಬಂತು. ಸಾಧಾರಣವಾಗಿ ಮಾರಾಟವೂ ಆಯಿತು. ಈಗ ಗೆದ್ದ ಮೇಲೆ ಕೂಲಿ ಮಂಚದ ಪಕ್ಕ ಕುಳಿತು, ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಮುದುಕಿಯ ಹಣೆಯ ಮೇಲೆ ಇಡುತ್ತಾನೆ. ಆಡುವವರು ಗುಂಡಿ ಒತ್ತುವ ತನಕ ಏಳುವುದಿಲ್ಲ. ಕೊಂಡವರಿಂದ ದೂರುಗಳು ಬರುತ್ತಲೇ ಇವೆ. ಕೊನೆಯಲ್ಲಿ ಆಟ ಸಿಕ್ಕಿಕೊಳ್ಳುತ್ತದೆ, ಬೇಗ ಸರಿಪಡಿಸಿ ಎಂದು ಒಬ್ಬ. ಇಷ್ಟು ಓಡಿಸಿ ಕಡೆಗೆ ಸುಮ್ಮನೆ ಕೂರಿಸುತ್ತೀರಲ್ಲ, ನಮಗೇನು ಬೇರೆ ಕೆಲಸವಿಲ್ಲವೇ ಎಂದು ಇನ್ನೊಬ್ಬ. ಅದನ್ನು ಕಿತ್ತುಹಾಕೋಣವೆಂದು ತಮ್ಮ ವಾರಕ್ಕೊಮ್ಮೆ ಹೇಳುತ್ತಾನೆ. ಅದು ದೋಷವಲ್ಲ, ಹೊರಡಬೇಕೆನಿಸಿದಾಗ ಗುಂಡಿ ಒತ್ತಿ ಎಂದು ಅಕ್ಕ ಎಲ್ಲರಿಗೂ ವಿನಯದಿಂದ ಉತ್ತರ ಬರೆಯುತ್ತಾಳೆ.