ಒಂದು ಪಂದ್ಯಕ್ಕಾಗುವಷ್ಟು

ತಕ್ಕಡಿಯ ಅಂಕಿ ಮತ್ತೆ ನಡುಗಿತು, ಫ್ಯಾನು ಬಂದ್ ಮಾಡಿಯಾಗಿದೆ, ಕಿಟಕಿ ಹಾಕಿಯಾಗಿದೆ, ಆದರೂ ಬಿಲ್ಡಿಂಗ್ ಹಿಂದೆ ಒಂದು ಲೋಕಲ್ ಟ್ರೈನು ಹಾದುಹೋದರೆ ಸಾಕು ಈ ಹಾಳು ಅಂಕಿಗೆ ಚಳಿಜ್ವರ, ನಿಲ್ಲಲಿ, ಸಾಧನಾ ಉಸಿರನ್ನೂ ಪಕ್ಕಕ್ಕೆ ತಿರುಗಿ ಬಿಟ್ಟಳು, ಚಿಮಟದ ತುದಿಯಲ್ಲಿ ಏರ್ ರೈಫಲ್ಲಿನ ಸೀಸದ ಗುಂಡು, ಮೆಣಸಿನಕಾಳಿನಷ್ಟು, ನಡು ಸಣ್ಣ, ಕೆಳಗೆ ಪುಟ್ಟ ಲಂಗ ಅರಳಿದ ಹಾಗೆ, ಆ ಲಂಗದ ಅಂಚು ಒಂದಿಷ್ಟು ನೆಗ್ಗಿದ್ದರೂ ಗುರಿಯ ನಡುವಿನ ಹತ್ತಕ್ಕೆ ಹೋಗಬೇಕಾದ್ದು ಒಂಬತ್ತಕ್ಕೆ ಜಾರುತ್ತದೆ, ಕೈ ತಪ್ಪು ಮಾಡಿರುವುದಿಲ್ಲ, ಕಣ್ಣು ತಪ್ಪು ಮಾಡಿರುವುದಿಲ್ಲ, ಆದರೂ. ತೂಕ ಸರಿಯಿದೆ. ಭೂತಗನ್ನಡಿಯಲ್ಲಿ ಅಂಚು ನೋಡಿದಳು, ಸರಿಯಿದೆ, ಕೆಂಪು ಮುಚ್ಚಳದ ಡಬ್ಬಿಗೆ. ಮುಂದಿನದು ನೆಗ್ಗಿದೆ, ನೀಲಿಗೆ. ಬೆವರು ಕಿವಿಯ ಹಿಂದಿನಿಂದ ಇಳಿದು ಬ್ಲೌಸಿನೊಳಗೆ ಹೋಯಿತು, ಒರೆಸಿಕೊಳ್ಳಲು ಕೈ ಎತ್ತುವಷ್ಟೂ ತ್ರಾಣವಿಲ್ಲ, ಬೆರಳೆಲ್ಲ ಸೀಸದ ಕಪ್ಪು, ಭಾನುವಾರ ಮಧ್ಯಾಹ್ನ ಜನ ಊಟ ಮಾಡಿ ಮಲಗುತ್ತಾರೆ, ವಾರವಿಡೀ ಘಾಟ್ಕೋಪರಿನಿಂದ ಬಾಂದ್ರಾ, ಬಾಂದ್ರಾದಿಂದ ಘಾಟ್ಕೋಪರ್, ನಿಂತೇ ಹೋಗಿ ನಿಂತೇ ಬಂದ ಕಾಲುಗಳು ಈಗ ಕುರ್ಚಿಯ ಕೆಳಗೆ ಯಾರದೋ ಕಾಲುಗಳ ಹಾಗೆ ಬಿದ್ದಿವೆ, ನಾಳೆ ಬೆಳಿಗ್ಗೆ ಸೆಲೆಕ್ಷನ್, ಇನ್ನೂ ಅರ್ಧ ಡಬ್ಬಿ ಉಳಿದಿದೆ.

ಡಬ್ಬಿ ಬಂದಾಗಲೇ ಒಂದು ಮೂಲೆ ಜಜ್ಜಿತ್ತು, ಕೊರಿಯರಿನವನು ಎಲ್ಲಿ ಬೀಳಿಸಿದನೋ, ಅಲ್ಲಾಡಿಸಿದರೆ ಒಳಗೆ ಗುಂಡುಗಳು ಒಂದಕ್ಕೊಂದು ತಿಕ್ಕಾಡುವ ಸದ್ದು, ಈ ಲಾಟಿನದು ಬೇರೆ ಸಿಗೋದಿಲ್ಲ ಮೇಡಂ, ಹೊಸ ಮಾಲು ದೀಪಾವಳಿ ಕಳೀಲಿ ಎಂದಿದ್ದ ಅಂಗಡಿಯವನು, ಹೊಸ ಮಾಲು ತನ್ನ ರೈಫಲ್ಲಿಗೆ ಒಗ್ಗುವುದಿಲ್ಲ, ಮಗಳು ಆರ್ಯಳದಕ್ಕೂ ಒಗ್ಗುವುದಿಲ್ಲ, ಒಂದೇ ಕಂಪನಿಯ ಎರಡು ರೈಫಲ್, ಅಮ್ಮ ಮಗಳಿಗೆ ಒಂದೇ ತರಹದ ಮೂಗು ಇದ್ದ ಹಾಗೆ. ಚೆನ್ನಾಗಿರುವುದನ್ನೆಲ್ಲ ಆರಿಸಿದರೆ ಒಬ್ಬರ ಪಂದ್ಯಕ್ಕೆ ಸಾಕು. ಇಬ್ಬರಿಗೆ ಸಾಲದು. ಮತ್ತೆ ಟೀಮಿನಲ್ಲಿ ಉಳಿದಿರುವ ಜಾಗವೂ ಒಂದೇ — ಮಾಯ್ ಲೇಕಿ ಸಮೋರಾಸಮೋರ್, ತಾಯಿ ಮಗಳು ಎದುರುಬದುರು, ಎಂಥ ಮಜಾ ಎಂದು ಕೋಚ್ ಅಮೋಲ್ ಸರ್ ಜೋರಾಗಿ ನಕ್ಕರು, ರೇಂಜಿನಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು, ಆರ್ಯ ಮಾತ್ರ ಜಾಕೆಟ್ಟಿನ ಬಕಲ್ ಬಿಚ್ಚುತ್ತ ಹಾಗೇ ನಿಂತಿದ್ದಳು. ಮನೆಗೆ ಬಂದರೆ ಅಭಿರಾಮ್ ಟಿವಿಯಿಂದ ಕಣ್ಣು ತೆಗೆಯದೆ, ಇನ್ನೂ ಎಷ್ಟು ದಿನ ಸಾಧನಾ, ಮಗಳು ಗುರಿ ಹೊಡೀತಾಳಲ್ಲ, ನೀನಿನ್ನು ಆರಾಮಾಗಿರಬಾರದಾ. ಆರಾಮ. ಗಂಡ ಈ ಮಾತನ್ನು ಪ್ರೀತಿಯಿಂದಲೇ ಹೇಳಿದ, ಅದೇ ಹೆಚ್ಚು ಸುಸ್ತು ತರಿಸುತ್ತದೆ, ಪ್ರೀತಿಗೆ ಎದುರು ಏನು ಹೇಳುವುದು, ಆರ್ಯ ಹೊಟ್ಟೆಯಲ್ಲಿದ್ದಾಗಲೂ ಹೀಗೇ ಪ್ರೀತಿಯಿಂದಲೇ ರೈಫಲ್ಲನ್ನು ಕಪಾಟಿನ ಮೇಲೆ ಎತ್ತಿಟ್ಟದ್ದು, ಮಗುವಿಗೆ ಸದ್ದು ಒಳ್ಳೇದಲ್ಲಮ್ಮಾ ಎಂದು ಅತ್ತೆ ಅದರ ಮೇಲೆ ಹಳೇ ಚಾದರ ಹೊದಿಸಿದರು, ಮುಂದಿನ ತಿಂಗಳು ನ್ಯಾಷನಲ್ಸ್ ಇತ್ತು, ಟೀಮಿನ ಬ್ಲೇಜರ್ ಹೊಲಿದು ಬಂದಿತ್ತು, ಅದನ್ನು ಯಾರಿಗೆ ಕೊಟ್ಟರೋ. ಆಮೇಲೆ ಹಾಲು, ಡೈಪರು, ಸ್ಕೂಲು, ಟ್ರೈನು. ಚಾದರ ತೆಗೆದದ್ದೂ ತನಗಾಗಿ ಅಲ್ಲ, ಆರ್ಯ ಕೇಳಿದಳೆಂದು, ಮಗಳಿಗೆ ಭುಜಕ್ಕೆ ಆನಿಸುವುದನ್ನು ತೋರಿಸುತ್ತ ತೋರಿಸುತ್ತ ತನ್ನ ಕೆನ್ನೆಗೆ ರೈಫಲ್ಲಿನ ಮರದ ತಂಪು ತಾಗಿತು, ತಾಗಿದ್ದೇ ತಡ, ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿದ ಹಾಗೆ.

ಸರಿಯಿದೆ, ಕೆಂಪಿಗೆ. ಇದೂ ಕೆಂಪಿಗೆ. ಆರ್ಯಳಿಗೆ ಇನ್ನೂ ಹದಿನೇಳು, ಮುಂದಿನ ವರ್ಷವಿದೆ, ಅದರ ಮುಂದಿನದೂ ಇದೆ, ತನಗೆ ಗುರಿಯ ಕರಿಚುಕ್ಕೆಯ ಸುತ್ತ ಆಗಲೇ ಹೊಗೆ, ಡಾಕ್ಟರು ವಯಸ್ಸಿಗೆ ಸಹಜ ಎಂದರು, ಸಹಜ, ಎಷ್ಟು ಸಲೀಸಾದ ಮಾತು. ಮತ್ತೆ ಅಮೋಲ್ ಸರ್ರೇ ಹೇಳುವುದಿಲ್ಲವೇ, ಗುಂಡು ಆರಿಸುವುದು ಅರ್ಧ ಮನಸ್ಸಿನ ಸಮಾಧಾನ ಅಂತ, ನಂಬಿಕೆ ಇದ್ದರೆ ನೆಗ್ಗಿದ್ದೂ ಹತ್ತಕ್ಕೆ ಹೋಗುತ್ತದೆ ಅಂತ, ಹಾಗಿದ್ದ ಮೇಲೆ ಏನು ವ್ಯತ್ಯಾಸ, ಆರ್ಯಳಿಗೆ ನಂಬಿಕೆ ಇದೆ, ಅವಳಿಗೆ ಯಾವುದಾದರೂ ನಡೆಯುತ್ತದೆ — ಬೆಳಿಗ್ಗೆ ಕೂತಾಗ ಕೆಂಪು ಯಾರದು ನೀಲಿ ಯಾರದು ಎಂದು ಯೋಚಿಸಿಯೇ ಇರಲಿಲ್ಲ, ಅಥವಾ ಯೋಚಿಸಿದ್ದಳೇ, ಮಗಳಿಗೇ ಕೆಂಪು ಎಂದುಕೊಂಡೇ ಕೂತಿದ್ದಲ್ಲವೇ, ಯಾವಾಗ ಆ ಡಬ್ಬಿ ತನ್ನ ಮೊಣಕೈ ಕಡೆಗೆ ಸರಿಯಿತು, ಸರಿಸಿದ್ದು ಯಾರು, ಮೇಜಿನ ಮೇಲೆ ಸೀಸದ ಗೆರೆ ಎಳೆದಿದೆ, ಅದು ತನ್ನ ಬೆರಳಿನದೇ. ಜಜ್ಜಿದ ಡಬ್ಬಿ ಖಾಲಿಯಾಯಿತು. ಕೆಂಪು, ನೀಲಿ, ಎರಡಕ್ಕೂ ಮುಚ್ಚಳ ಹಾಕಿದಳು.

ಅಮ್ಮಾ, ಫ್ಯಾನ್ ಯಾಕೆ ಬಂದ್, ಕಿತ್ನಾ ಸೆಖೆ ಇದೆ, ಆರ್ಯ ಒಳಗಿನಿಂದ ಬಂದಳು, ನಿದ್ದೆಯ ಮುಖ, ಒಂದು ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಮೊಬೈಲಿನಲ್ಲಿ, ಮುಗೀತಾ, ಇದರಲ್ಲಿ ನಂದು ಯಾವ್ದು. ಸಾಧನಾ ಕಿಟಕಿಯ ಕಡೆ ನೋಡಿದಳು. ನೀಲಿದು ಎಂದಳು, ಎಂದದ್ದು ತನಗೇ ಕೇಳಿಸಿತು, ಒಮ್ಮೆ ತೆಗೆದು ನೋಡ್ಕೋ ಎಂದೂ ಸೇರಿಸಿದಳು, ನೋಡಲಿ, ನೋಡಿ ಜಗಳವಾಡಲಿ, ಕಿತ್ತುಕೊಳ್ಳಲಿ. ಅರೇ, ನಾನ್ಯಾಕೆ ನೋಡ್ಲಿ, ಆರ್ಯ ನಕ್ಕಳು, ಅಮೋಲ್ ಸರ್ ಕೂಡ ಬೋಲ್ ರಹೇ ಥೇ ಖುದ್ ಚೆಕ್ ಮಾಡು ಅಂತ, ನಾನು ಅಂದೆ, ನಮ್ಮಮ್ಮ ಆರಿಸ್ತಾಳೆ, ಮೇರೆಕೋ ಕ್ಯಾ ಟೆನ್ಶನ್, ಎನ್ನುತ್ತ ಮೊಬೈಲಿನಿಂದ ಕಣ್ಣು ತೆಗೆಯದೆ ಕೈ ಚಾಚಿದಳು, ಅಂಗೈ ಮೇಲಕ್ಕೆ, ಬೆರಳು ಸಡಿಲ, ಟ್ರಿಗರ್ ಬೆರಳಿನ ಬದಿಯಲ್ಲಿ ಚರ್ಮ ಗಟ್ಟಿಯಾಗಿದೆ, ಸಾಧನಾ ಆ ಅಂಗೈಯಲ್ಲಿ ನೀಲಿ ಡಬ್ಬಿ ಇಟ್ಟಳು, ಇಟ್ಟೇಬಿಟ್ಟಳು, ಬೆರಳುಗಳು ಮಡಚಿಕೊಂಡವು, ಮಗಳು ತಿರುಗಿದಳು, ಕಿಟ್ ಬ್ಯಾಗಿನ ಜಿಪ್ ಎಳೆದ ಸದ್ದು. ಆರ್ಯಾ. ಕ್ಯಾ? ಏನಿಲ್ಲ, ಕೈ ತೊಳ್ಕೋ ಚಿನ್ನ, ಸೀಸ ಅದು. ಹಾಂ ಹಾಂ. ಮಗಳು ಹೋಗುತ್ತ ಫ್ಯಾನ್ ಹಾಕಿದಳು, ಗಾಳಿ ಬಂತು, ಖಾಲಿ ತಕ್ಕಡಿಯ ಅಂಕಿ ಹುಚ್ಚೆದ್ದು ಕುಣಿಯತೊಡಗಿತು, ಏಳಬೇಕು, ಅತ್ತೆಗೆ ಕಾಫಿ, ಎದ್ದು ಜಿಪ್ ತೆಗೆದು ಡಬ್ಬಿ ಬದಲಾಯಿಸಿದರೆ ಎಷ್ಟು ಹೊತ್ತಿನ ಕೆಲಸ, ಏಳಬೇಕು, ಕಾಲು ಬರುತ್ತಿಲ್ಲ, ಕಾಫಿ, ಕಾಫಿಗೆ ಹಾಲು, ನೋಡದೆ ಚಾಚಿದ ಕೈ, ಹಾಲು ಇದೆಯೋ ಇಲ್ಲವೋ, ಅಂಗೈ ಮೇಲಕ್ಕೆ, ಏಳಬೇಕು — ನೋಡದೆ ಚಾಚಿದ ಕೈ, ಅಂಗೈ ಮೇಲಕ್ಕೆ, ಬೆರಳು ಸಡಿಲ.